‘ಮೇ’ ಎಂಬಲ್ಲಿಗೆ ನಿಂತ ಮಾತು

ಹೆಸರು ಹೇಳುವ ಸರದಿ ಬಾಗಿಲ ಕಡೆಯಿಂದ ಶುರುವಾದದ್ದನ್ನು ನೋಡಿ, ತನ್ನ ಮುಂದೆ ಇನ್ನೂ ನಾಲ್ಕು ಜನ ಇದ್ದಾರೆ ಎಂದು ಅವಳು ಎಣಿಸಿಕೊಂಡಳು. ನಾಲ್ಕು ಜನ ಎಂದರೆ ಹೆಚ್ಚೆಂದರೆ ಒಂದು ನಿಮಿಷ. ಸ್ವಂತ ಹೆಸರನ್ನು ಹೇಳಿ ಮುಗಿಸಲು ಜನರಿಗೆ ಎಷ್ಟು ಕಡಿಮೆ ಹೊತ್ತು ಸಾಕು ಎಂಬುದು ಅವಳಿಗೆ ಗೊತ್ತಿದ್ದಷ್ಟು ಆ ಜನಕ್ಕೇ ಗೊತ್ತಿರಲಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಆ ಕೋಣೆಯಲ್ಲಿ ಮೊದಲು ಹಳೆಯ ಎಕ್ಸ್‌ರೇ ಫಿಲಂಗಳನ್ನು ಇಡುತ್ತಿದ್ದರು. ಈಗಲೂ ಗೋಡೆಯುದ್ದಕ್ಕೆ ಖಾಲಿ ಕಬ್ಬಿಣದ ಗೂಡುಗಳು, ನಡುವೆ ಆರು ಕಂಪ್ಯೂಟರು, ಪ್ರತಿಯೊಂದರ ಮುಂದೆ ಬೇರೆ ಬೇರೆ ವಾರ್ಡುಗಳಿಂದ ಎತ್ತಿ ತಂದ ಬೇರೆ ಬೇರೆ ಎತ್ತರದ ಕುರ್ಚಿ. ಅವಳಿಗೆ ಸಿಕ್ಕಿದ್ದು ಮಕ್ಕಳ ವಾರ್ಡಿನದು. ಮೊಣಕಾಲು ಎದೆಗೆ ಬಂದಂತೆ ಕುಳಿತು ಅವಳು ನಾಲಿಗೆಯನ್ನು ಹಲ್ಲಿನ ಹಿಂದೆ ಸಿದ್ಧವಾಗಿ ನಿಲ್ಲಿಸಿಕೊಂಡಿದ್ದಳು. ಸರದಿ ಬಂತು. ಪಾಠ ಹೇಳುವ ಮೇಡಂ, ಮೂವತ್ತರ ಆಚೀಚಿನ ಹೆಂಗಸು, ಹುಬ್ಬೇರಿಸಿ ನಕ್ಕರು. ಅವಳ ಹೆಸರಿನ ಮೊದಲ ಅಕ್ಷರ ಎಂದಿನಂತೆ ಗಂಟಲಿನಲ್ಲಿ ಕಾಲು ಚಾಚಿ ಕುಳಿತಿತು. ಎರಡು ಸಲ ಅಲುಗಾಡಿಸಿದಳು, ಮೂರನೇ ಸಲಕ್ಕೆ ಪಕ್ಕದಲ್ಲಿ ಕುಳಿತಿದ್ದ ಉಗ್ರಾಣದವನು ಉಪಕಾರ ಮಾಡುವ ದನಿಯಲ್ಲಿ, “ಬಟ್ಟೆ ಒಗೆಯೋ ವಿಭಾಗ ಮೇಡಂ. ದುಪ್ಪಟಿಗಳ ಮೇಲೆ ಗುರುತು ಬರೀತಾರೆ. ನಾವೆಲ್ಲ ಗುರುತಕ್ಕ ಅಂತೀವಿ,” ಎಂದ. ಮೇಡಂ “ಓ, ಗುರುತಕ್ಕ!” ಎಂದು ಬರೆದುಕೊಂಡರು. ಗಂಟಲಿನಲ್ಲಿದ್ದ ಅಕ್ಷರ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳ ಮಾತು ನಲವತ್ತೊಂದು ವರ್ಷಗಳಿಂದ ಆಡದೆಯೇ ಹೋಗುತ್ತಿತ್ತು.

ಇಲ್ಲಿಗೆ ಅವಳನ್ನು ಕಳಿಸಿದ್ದು ಅವಳ ವಿಭಾಗದ ಕೆಲಸ ನೋಡಿಕೊಳ್ಳುವ ಮೇಸ್ತ್ರಿ. ಹಾಸಿಗೆ ಬಟ್ಟೆಗಳ ಮೇಲೆ ಅಳಿಸದ ಶಾಯಿಯಿಂದ ವಾರ್ಡು, ತಿಂಗಳು, ಸಂಖ್ಯೆ ಬರೆಯುವುದು ಅವಳ ಹದಿನಾರು ವರ್ಷದ ಕೆಲಸ. ಈಗ ಚೀಟಿ ಅಚ್ಚು ಹಾಕಿ ಬಟ್ಟೆಗೆ ಅಂಟಿಸುವ ಯಂತ್ರ ಬಂದಿತ್ತು. ಚೀಟಿಯ ಮೇಲೆ ಏನು ಬರಬೇಕು ಎಂದು ಅದಕ್ಕೆ ಹೇಳಿಕೊಡಲು ಪ್ರೋಗ್ರಾಮು ಬರೆಯುವುದು ಒಬ್ಬರಿಗಾದರೂ ಗೊತ್ತಿರಬೇಕು; ನಾಲ್ಕು ದಿನದ ಪಾಠ, ಮಧ್ಯಾಹ್ನ ಎರಡರಿಂದ ನಾಲ್ಕು. ಯಾರನ್ನು ಕಳಿಸುವುದು ಎಂಬ ಮಾತು ಬಂದಾಗ ಒಗೆಯುವ ಯಂತ್ರಗಳ ಗದ್ದಲದ ನಡುವೆ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ಹೇಳಿದ್ದ: “ಮಾತಾಡೋ ಕೆಲಸ ಅಲ್ವಲ್ಲ, ಇವಳಿಗೇ ಸರಿ.” ಜನ ನಕ್ಕಿದ್ದರು. ಅವಳೂ ನಕ್ಕಿದ್ದಳು. ತನ್ನ ಮೇಲೆ ಹಾರಿದ ಮಾತಿಗೆ ತಾನೇ ಮೊದಲು ನಗುವುದನ್ನು ಅವಳು ಎರಡನೇ ತರಗತಿಯಲ್ಲೇ ಕಲಿತಿದ್ದಳು.

“ಇದು ಪ್ರಿಂಟ್ ಅನ್ನೋ ಆಜ್ಞೆ,” ಎಂದು ಮೇಡಂ ಪರದೆಯ ಮೇಲೆ ತೋರಿಸಿದರು. “ಪ್ರಿಂಟ್ ಅಂತ ಬರೀರಿ, ಬ್ರ್ಯಾಕೆಟ್ ತೆರೀರಿ, ಕೋಟ್ಸ್ ಹಾಕಿ, ಮಾತಿನ ಆಚೀಚೆ ಹಾಕ್ತೀವಲ್ಲ ಆ ಗುರುತು. ಅದರೊಳಗೆ ನಿಮಗೆ ಬೇಕಾದ್ದು ಬರೀರಿ. ಕೋಟ್ಸ್ ಮುಚ್ಚಿ, ಬ್ರ್ಯಾಕೆಟ್ ಮುಚ್ಚಿ. ಕೋಟ್ಸ್ ಒಳಗಿರೋದಕ್ಕೆ ಸ್ಟ್ರಿಂಗ್ ಅಂತಾರೆ. ಅಕ್ಷರಗಳನ್ನ ದಾರಕ್ಕೆ ಪೋಣಿಸಿದ ಹಾಗೆ. ಅದು ಸರೀನೋ ತಪ್ಪೋ, ನಿಜಾನೋ ಸುಳ್ಳೋ ಕಂಪ್ಯೂಟರ್ ಕೇಳಲ್ಲ. ಇದ್ದದ್ದನ್ನ ಇದ್ದ ಹಾಗೆ ಹೊರಗೆ ಹಾಕುತ್ತೆ.” ಕೋಣೆಯಲ್ಲಿ ಕೀಲಿಗಳ ಸದ್ದು ಎದ್ದಿತು. ಉಗ್ರಾಣದವನು ತನ್ನ ಮಗನ ಹೆಸರು ಬರೆದ. ಅವಳ ಬೆರಳುಗಳು ಒಂದು ಕ್ಷಣ ತಡೆದು, ತಡೆದದ್ದೇಕೆಂದು ಅವಳಿಗೆ ತಿಳಿಯುವ ಮುಂಚೆಯೇ ಒಂದಕ್ಷರ ಒತ್ತಿದವು. ಮೇ. ಕೋಟ್ಸ್ ಮುಚ್ಚುವುದನ್ನು ಮರೆತು ಎಂಟರ್ ಒತ್ತಿದಳು. ಕೆಂಪು ಸಾಲೊಂದು ಬಂತು. ಮೇಡಂ ಅವಳ ಹೆಗಲ ಮೇಲಿಂದ ಬಗ್ಗಿ, “ಗಾಬರಿ ಬೇಡ. ನೀವಿನ್ನೂ ಮುಗಿಸಿಲ್ಲ ಅಂತಿದೆ ಅಷ್ಟೆ. ಅದು ಊಹೆ ಮಾಡಿ ತಾನೇ ಮುಗಿಸಲ್ಲ,” ಎಂದರು. ಅವಳು ಮುಚ್ಚಿದಳು. ಕೆಳಗಿನ ಸಾಲಿನಲ್ಲಿ ಬಂತು: ಮೇ. “ಮೇ ಅಂದ್ರೆ? ಮೇ ತಿಂಗಳಾ?” ಎಂದರು ಮೇಡಂ. ಅವಳು ತಲೆಯಾಡಿಸಿದಳು, ಹೌದೆಂದು. ಆಡಿಸಿದ ತಲೆ ತನ್ನದೇ ಎಂದು ಆಮೇಲೆ ಹೊಳೆದು ಕಿವಿ ಬಿಸಿಯಾಯಿತು.

ಮೇ ತಿಂಗಳಲ್ಲ. ಮೂರು ತಿಂಗಳ ಹಿಂದಿನ ವಿಚಾರಣೆ, ಆಡಳಿತ ಕಚೇರಿಯ ಉದ್ದ ಮೇಜು, ಅದರ ಮೇಲಿನ ಗಾಜಿನ ಹಲಗೆಯ ಕೆಳಗೆ ಯಾರದೋ ಹಳೆಯ ರಜಾಪಟ್ಟಿ, ಆ ಪಟ್ಟಿಯ ಮೇಲೆ ಅವಳ ಕಣ್ಣು. ನಲವತ್ತೆರಡು ಹೊಸ ದುಪ್ಪಟಿ ಕಾಣೆಯಾಗಿದ್ದವು. ಅವನ್ನಿಡುವ ಬೀರುವಿನ ಬೀಗದ ಕೈ, ಎಲ್ಲರೂ ತಾತ ಎನ್ನುವ ಇಸ್ತ್ರಿಯ ಮುದುಕನ ಬಳಿಯೇ ಇದ್ದದ್ದರಿಂದ ಕಳ್ಳ ತಾತನೇ ಎಂದಾಗಿತ್ತು. ಮೂವತ್ತು ವರ್ಷ ಬಿಸಿ ಉರುಳೆಗಳ ನಡುವೆ ಬಟ್ಟೆ ತಳ್ಳಿ ತಳ್ಳಿ ಆತನ ಎರಡೂ ಅಂಗೈ ಹಲಗೆಯ ಹಾಗೆ ನಯವಾಗಿದ್ದವು. ಕೈ ಮುಗಿದು ನಿಂತಾಗ ರೇಖೆಗಳೇ ಕಾಣುತ್ತಿರಲಿಲ್ಲ. “ನೀನೇನು ನೋಡಿದೆಯಮ್ಮ?” ಎಂದು ಅಧಿಕಾರಿ ಕೇಳಿದ್ದರು. ಅವಳು ನೋಡಿದ್ದಳು. ಆ ದುಪ್ಪಟಿಗಳ ನಾಲ್ಕು ಗಂಟನ್ನು ಗುರುತು ಹಾಕಲೆಂದು ತನ್ನ ಮೇಜಿಗೆ ಎಳೆದುಕೊಂಡಾಗ “ಇವಕ್ಕೆ ಗುರುತು ಬೇಡ, ಹಾಗೇ ಇಡು,” ಎಂದವನನ್ನು ನೋಡಿದ್ದಳು. ಊಟದ ಬಿಡುವಿನಲ್ಲಿ ಹಿಂದಿನ ಗೇಟಿನ ಬಳಿ ಹೊರಗಿನ ವಸತಿಗೃಹವೊಂದರ ವ್ಯಾನಿಗೆ ಅವೇ ಗಂಟುಗಳನ್ನು ಸ್ವತಃ ಹೊತ್ತು ಹಾಕಿದವನನ್ನೂ ನೋಡಿದ್ದಳು. “ಮೇ… ಮೇ…” ಎಂದಳು. ಪಕ್ಕದಲ್ಲೇ ಕುಳಿತಿದ್ದ ಮೇಸ್ತ್ರಿ ಒಂದು ಚೂರೂ ಅಳುಕದೆ, ತೊದಲುವ ಮಗುವಿಗೆ ನೆರವಾಗುವ ತಂದೆಯ ಹಾಗೆ, “ಮೇಲಿದ್ದಳಂತೆ ಸಾರ್. ಮೇಲಿನ ಉಗ್ರಾಣದಲ್ಲಿ. ಏನೂ ನೋಡಿಲ್ಲ ಅಂತಾಳೆ,” ಎಂದ. “ಹೌದೇನಮ್ಮ?” ಎಂದರು ಅಧಿಕಾರಿ. ಅವಳು ತಲೆಯಾಡಿಸಿದಳು.

ಹೆದರಿ ಆಡಿಸಿದ್ದು ಎಂದು ಮೂರು ತಿಂಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅದು ನಿಜವಾಗಿರಲಿಲ್ಲ. ಆ ಕ್ಷಣ ಹೆದರಿಕೆಗಿಂತ ಮೊದಲು ಬಂದದ್ದು ಹಾಯೆನಿಸುವ ಒಂದು ತಂಪು: ಅಬ್ಬ, ಮುಗಿಯಿತು, ಇನ್ನು ನಾನು ಹೇಳಬೇಕಾಗಿಲ್ಲ. ಆ ತಂಪನ್ನು ಅವಳು ತನಗೆ ಕ್ಷಮಿಸಲಾರದೆ ಹೋಗಿದ್ದಳು. ಆ ದಿನ ಹೊರಗೆ ಗೇಟಿನಲ್ಲಿ ತಾತ ತನ್ನ ಊಟದ ಡಬ್ಬಿ, ಒಂದು ಜೊತೆ ಚಪ್ಪಲಿ ಕಂಕುಳಲ್ಲಿ ಹಿಡಿದು ಹೊರಟವನು ಅವಳನ್ನು ಕಂಡು ನಿಂತು, “ಬಿಡು ಮಗಳೇ. ಗಂಟಲೇ ಕೈಕೊಟ್ರೆ ನೀನೇನು ಮಾಡ್ತೀಯ,” ಎಂದಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಗಂಟಲು ಕೈಕೊಟ್ಟಿರಲಿಲ್ಲ. ಗಂಟಲು ‘ಮೇ’ವರೆಗೆ ಬಂದಿತ್ತು, ಇನ್ನು ಸ್ವಲ್ಪ ಕಾದಿದ್ದರೆ ಉಳಿದದ್ದನ್ನೂ ತರುತ್ತಿತ್ತು. ಕೈಕೊಟ್ಟದ್ದು ಕುತ್ತಿಗೆ.

ಎರಡನೆಯ ದಿನ ಸ್ಟ್ರಿಂಗುಗಳನ್ನು ಕೂಡಿಸುವುದು. ಕೋಟ್ಸಿನೊಳಗಿನ ಹನ್ನೆರಡಕ್ಕೆ ಕೋಟ್ಸಿನೊಳಗಿನ ಮೂರು ಕೂಡಿಸಿದರೆ ಹದಿನೈದಾಗುವುದಿಲ್ಲ, ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನೂರಿಪ್ಪತ್ತಮೂರಾಗುತ್ತದೆ. ಇದು ಪಾಠಕ್ಕೆ ಬಂದಿದ್ದ ಹಿರಿಯ ನರ್ಸಿಗೆ ಎಷ್ಟು ಹೇಳಿದರೂ ಒಗ್ಗಲಿಲ್ಲ. “ಹೀಗೆ ಲೆಕ್ಕ ಹಾಕಿ ಔಷಧಿ ಕೊಟ್ರೆ ವಾರ್ಡ್ ಖಾಲಿ ಆಗುತ್ತೆ ಮೇಡಂ,” ಎಂದರು. ಆಮೇಲೆ ಗುಣಿಸುವುದು. “ಒಂದು ಸ್ಟ್ರಿಂಗನ್ನ ಐದರಿಂದ ಗುಣಿಸಿದ್ರೆ ಅದೇ ಐದು ಸಲ ಬರುತ್ತೆ,” ಎಂದು ಮೇಡಂ ‘ಹ’ ಹಾಕಿ ತೋರಿಸಿದರು. ಹಹಹಹಹ ಎಂದು ಪರದೆ ನಕ್ಕಿತು. ಉಗ್ರಾಣದವನಿಗೆ ತಡೆಯಲಾಗಲಿಲ್ಲ. ಕೆಟ್ಟವನಲ್ಲ ಅವನು, ಬಾಯಿಗೂ ಬುದ್ಧಿಗೂ ನಡುವೆ ಬಾಗಿಲು ಇಡಿಸಿಕೊಳ್ಳುವುದನ್ನು ಮರೆತಿದ್ದ. “‘ಮ’ ಹಾಕಿ ಮೇಡಂ, ನಮ್ಮ ಗುರುತಕ್ಕ ಮಾತಾಡಿದ ಹಾಗೇ ಬರುತ್ತೆ!” ನಗು ಎದ್ದು, ಅರ್ಧದಲ್ಲಿ ತನ್ನನ್ನು ತಾನೇ ನೋಡಿಕೊಂಡು ಕುಳಿತುಬಿಟ್ಟಿತು. ಎಲ್ಲರೂ ಕಾದರು, ಅವಳು ನಗಲಿ ಎಂದು. ಅವಳು ನಕ್ಕರೆ ಎಲ್ಲರ ಪಾಪ ಕಳೆಯುತ್ತಿತ್ತು. ತುಟಿ ಅಭ್ಯಾಸಬಲದಿಂದ ಆಗಲೇ ಅಗಲವಾಗುತ್ತಿತ್ತು. ಅದನ್ನು ಅವಳು ಹಲ್ಲಿನಿಂದ ಕಚ್ಚಿ ಹಿಡಿದಳು. ತನ್ನ ಕೀಲಿಮಣೆಯ ಕಡೆ ತಿರುಗಿ, ಪ್ರಿಂಟ್ ಎಂದು ಬರೆದು, ಕೋಟ್ಸಿನೊಳಗೆ ‘ಮೇ’ ಇಟ್ಟು, ಐನೂರರಿಂದ ಗುಣಿಸಿ ಎಂಟರ್ ಒತ್ತಿದಳು. ಪರದೆ ತುಂಬ ಮೇ. ಸಾಲುಸಾಲಾಗಿ, ಒಗೆದು ಹಗ್ಗಕ್ಕೆ ಹಾಕಿದ ಬಟ್ಟೆಗಳ ಹಾಗೆ. ಕುರ್ಚಿಯಿಂದ ಎದ್ದು, ಉಗ್ರಾಣದವನಿಗೆ ತನ್ನ ಜಾಗ ತೋರಿಸಿ, “ಓ… ಓ… ಓದು,” ಎಂದಳು. “ಒಂದೂ ಬಿ… ಬಿಡದೆ.”

ಅವನು ಸುತ್ತ ನೋಡಿದ. ಯಾರೂ ಬಿಡಿಸಿಕೊಳ್ಳಲು ಬರಲಿಲ್ಲ. ಮೇಡಂ ಕೈಕಟ್ಟಿಕೊಂಡು ಗೂಡಿಗೆ ಒರಗಿದರು. ತಮಾಷೆಗೆಂದು ಶುರುಮಾಡಿದವನು ಹದಿನೈದಕ್ಕೆ ಬರುವಷ್ಟರಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತಿಳಿಯದೆ ತಡವರಿಸಿದ, ಇಪ್ಪತ್ತೆರಡರಲ್ಲಿ ಸಾಲು ತಪ್ಪಿದ, ಮತ್ತೆ ಮೊದಲಿಂದ ಹಿಡಿದ. ಕುತ್ತಿಗೆಯ ನರ ಉಬ್ಬಿತು. “ಆಗಲ್ಲಕ್ಕ,” ಎಂದ. “ದವಡೆ ಹಿಡ್ಕೊಳ್ತು.” “ಹೂಂ,” ಎಂದಳು ಅವಳು. “ಹಿ… ಹಿಡ್ಕೊಳ್ಳುತ್ತೆ.” ಇಷ್ಟೇ. ಅವನು ಎದ್ದು ತನ್ನ ಜಾಗಕ್ಕೆ ಹೋದ. ಆ ದಿನವೆಲ್ಲ ಅವನ ಕಂಪ್ಯೂಟರಿನಿಂದ ಸದ್ದು ಕಡಿಮೆಯಿತ್ತು. ಅವಳು ಮಾತ್ರ, ಸೇಡು ತೀರಿಸಿಕೊಂಡೆನೇ, ಸಣ್ಣವಳಾದೆನೇ ಎಂದು ತನ್ನನ್ನು ಕೇಳಿಕೊಂಡಳು. ಆಗಿರಬಹುದು ಅನ್ನಿಸಿತು. ಪಶ್ಚಾತ್ತಾಪ ಬರಲಿ ಎಂದು ಸ್ವಲ್ಪ ಹೊತ್ತು ಕಾದು, ಬರದಿದ್ದಾಗ ಚೀಟಿಯ ಅಗಲ ಅಳೆಯುವ ಕೆಲಸಕ್ಕೆ ಹತ್ತಿದಳು.

ಅವಳು ಇದ್ದದ್ದು ಅಕ್ಕನ ಜೊತೆ, ಅಕ್ಕನ ಗುಂಡಿ-ದಾರದ ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ. ಸಂಜೆ ಹೋದಾಗ ಅಕ್ಕ ಗಿರಾಕಿಯೊಬ್ಬಳಿಗೆ ಅವಳ ರವಿಕೆಗೆ ಯಾವ ಗುಂಡಿ ಬೇಕೆಂದು ಅವಳು ಬಾಯಿ ತೆರೆಯುವ ಮುಂಚೆಯೇ ಹೇಳುತ್ತಿದ್ದಳು. ಹಾಗೆ ಹೇಳಿ ಹೇಳಿಯೇ ಅಕ್ಕ ಅಂಗಡಿ ಬೆಳೆಸಿದ್ದು, ತಂಗಿಯನ್ನೂ. ನಾಲ್ಕು ವರ್ಷದ ತಂಗಿಯ ಬಾಯಿಂದ ಅರ್ಧ ಅಕ್ಷರ ಹೊರಟರೆ ಸಾಕು, ಏಳು ವರ್ಷದ ಅಕ್ಕ ಉಳಿದದ್ದನ್ನು ಹಿಡಿದು ತಂದು ಎದುರಿನವರ ಕೈಗೆ ಕೊಡುತ್ತಿದ್ದಳು: ನೀರು ಬೇಕಂತೆ, ನಿದ್ದೆ ಬಂತಂತೆ, ಲೆಕ್ಕ ಬರುತ್ತಂತೆ ಆದ್ರೆ ಹೇಳಕ್ಕಾಗಲ್ಲಂತೆ. ಈಗಲೂ ತಂಗಿ ಮಾತಾಡಲು ತೊಡಗಿದರೆ ಅಕ್ಕನ ತುಟಿಗಳು ಸದ್ದಿಲ್ಲದೆ ಜೊತೆಗೇ ಆಡುತ್ತವೆ. “ಸೋಮವಾರ ಬಾ ಅಂತ ಕಾಗದ ಬಂದಿದೆ,” ಎಂದಳು ಅಕ್ಕ, ದಾರದ ಉಂಡೆಗಳ ಕೆಳಗಿಂದ ಎಳೆದು. “ಆ ಮುದುಕಪ್ಪ ಮೇಲ್ಮನವಿ ಹಾಕಿದಾನೆ. ಮತ್ತೆ ವಿಚಾರಣೆಯಂತೆ, ನೀನು ಮತ್ತೆ ಸಾಕ್ಷಿಯಂತೆ. ಅಂಗಡಿ ಮುಚ್ಚಿ ನಾನೂ ಬರ್ತೀನಿ. ನೀನು ಹೋದ ಸಲ ಮಾಡಿದ ಹಾಗೆ ತಲೆ ಆಡಿಸು ಸಾಕು. ಇದ್ದ ಕೆಲಸಕ್ಕೆ ಕಲ್ಲು ಹಾಕ್ಕೋಬೇಡ. ಏನು?” ತಂಗಿ, “ನಾ… ನಾ…” ಎಂದಳು. “ನಾನೇ ಹೋಗ್ತೀನಿ ಅಂತೀಯ. ಹೋಗು, ಬೇಡ ಅಂದೋರ್ಯಾರು, ನಾನು ಹೊರಗೆ ಕೂತಿರ್ತೀನಿ.” ಅವಳು ಹೇಳಬೇಕೆಂದಿದ್ದು ಅದಲ್ಲ. ನಾನು ಸುಳ್ಳು ಹೇಳಿದೆ ಎಂದು. ಆದರೆ ಅಕ್ಕನ ವಾಕ್ಯ ಆಗಲೇ ತಯಾರಾಗಿ, ಗುಂಡಿ ಹಾಕಿಕೊಂಡು ನಿಂತಿತ್ತು.

ಅವಳ ನಾಲಿಗೆ ಬಲದವಡೆಯ ಸಂದಿಗೆ ಹೋಯಿತು. ಅಲ್ಲೊಂದು ಹಲ್ಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅಕ್ಕನೇ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಎಲ್ಲಿ ನೋವು ಎಂದಾಗ ಇವಳು, “ಬ… ಬ…” ಎಂದಿದ್ದಳು. ಬಾಯಿಯ ಎಡಗಡೆ, ಕೊನೆಯಲ್ಲಿ ಎನ್ನಹೊರಟಿದ್ದಳು. “ಬಲಗಡೆ ಡಾಕ್ಟ್ರೇ,” ಎಂದು ಅಕ್ಕ ಮುಗಿಸಿದ್ದಳು. ಗಟ್ಟಿಮುಟ್ಟಾದ ಹಲ್ಲು, ಡಾಕ್ಟರು ಒಂದು ಕಾಲನ್ನು ಕುರ್ಚಿಗೆ ಊರಿ ಎಳೆದಿದ್ದರು. ಮನೆಗೆ ಬರುವ ದಾರಿಯಲ್ಲಿ ಅಕ್ಕ ತನ್ನ ಕೂಡಿಟ್ಟ ಕಾಸಿನಲ್ಲಿ ಐಸ್ ಕೊಡಿಸಿ, “ಈಗ ಹಾಯಾಗಿದೆ ಅಲ್ವಾ?” ಎಂದಾಗ ಆ ಮುಖ ನೋಡಿ ಹೌದೆಂದು ತಲೆಯಾಡಿಸಿದ್ದಳು. ಎಡಗಡೆಯ ನೋವು ಇನ್ನೂ ಎಂಟು ತಿಂಗಳು ಇತ್ತು, ತಾನಾಗಿ ಹಲ್ಲು ಪುಡಿಯಾಗಿ ಉದುರುವವರೆಗೆ. ಯಾರಿಗೂ ಹೇಳಿರಲಿಲ್ಲ. ಈಗ ಅಕ್ಕನ ಎದುರು ಸ್ಟೂಲಿನ ಮೇಲೆ ಕುಳಿತು, ಅವಳ ತುಟಿಗಳು ಅಲುಗಾಡತೊಡಗಿದ್ದನ್ನು ನೋಡಿ, ಕೈ ಚಾಚಿ ಅಂಗೈಯಿಂದ ಆ ತುಟಿಗಳನ್ನು ಮುಚ್ಚಿದಳು. ಅಕ್ಕನ ಕಣ್ಣು ದೊಡ್ಡದಾಯಿತು. “ಆ… ಆ ಹಲ್ಲು,” ಎಂದಳು, “ನೋ… ನೋ… ನೋಯ್ತಿರ್ಲಿಲ್ಲ. ಎ… ಎಡಗಡೇದು ನೋಯ್ತಿತ್ತು. ನೀ… ನೀನು ಬಲ ಅಂದೆ.”

ಕೈ ತೆಗೆದಳು. ಅಕ್ಕ ದಾರದ ಉಂಡೆಯೊಂದನ್ನು ಬಿಚ್ಚಿ, ಸುತ್ತಿ, ಮತ್ತೆ ಬಿಚ್ಚಿದಳು. ಅಕ್ಕ ಆಡದೆ ಇರುವುದನ್ನು ಅವಳು ನೋಡಿದ್ದೇ ಕಡಿಮೆ. ಕೊನೆಗೆ, “ಮೂವತ್ತು ವರ್ಷ ಬಾಯಿ ಮುಚ್ಕೊಂಡಿದ್ಯಾ?” ಎಂದಳು. ದನಿಯಲ್ಲಿ ಕೋಪವಿತ್ತು, ಅದರ ಕೆಳಗೆ ಬೇರೆ ಏನೋ ಒದ್ದೆಯಾಗುತ್ತಿತ್ತು. “ನಿನಗೋಸ್ಕರ ನಾನು ಅಷ್ಟು… ನಾನಿಲ್ದೆ ಹೋಗಿದ್ರೆ ನಿನ್ನ ಮಾತು ಯಾರು ಕೇಳ್ತಿದ್ರು?” ತಂಗಿ, “ಕೇ… ಕೇಳ್ತಿರ್ಲಿಲ್ಲ,” ಎಂದು ಒಪ್ಪಿಕೊಂಡಳು. “ಆದ್ರೂ.” ಅಕ್ಕ ಎದ್ದು ಅಂಗಡಿಯ ಬಾಗಿಲು ಎಳೆದು, ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟಳು. ಊಟಕ್ಕೆ ಕರೆಯಲಿಲ್ಲ. ತಟ್ಟೆ ಮಾತ್ರ ಹಾಕಿದ್ದಳು. ಇಬ್ಬರೂ ಎದುರುಬದುರು ಕುಳಿತು ಉಣ್ಣುವಾಗ ಅಕ್ಕನ ನೋಟ ಎರಡು ಮೂರು ಸಲ ಅವಳ ಬಲದವಡೆಗೆ ಬಂದು ಹೋಯಿತು.

ಮೂರನೆಯ ದಿನ ಸ್ಟ್ರಿಂಗಿನ ಉದ್ದ ಎಣಿಸುವುದನ್ನು ಹೇಳಿಕೊಟ್ಟರು. ಚೀಟಿಯಲ್ಲಿ ಎಷ್ಟು ಅಕ್ಷರ ಹಿಡಿಸುತ್ತದೆ ಎಂದು ತಿಳಿಯಲು ಅದು ಬೇಕಿತ್ತು. ಅವಳು ಅಷ್ಟು ಹೊತ್ತಿಗೆ ವಾರ್ಡುಗಳ ಹೆಸರನ್ನೆಲ್ಲ ಬರೆದು, ಬಾಲಕ್ಕೆ ತಿಂಗಳು ಕೂಡಿಸಿ, ಉಳಿದವರಿಗಿಂತ ಮುಂದೆ ಹೋಗಿದ್ದಳು. ಬರೆಯುವುದರಲ್ಲಿ ಅವಳ ಕೈ ಎಂದೂ ತಡವರಿಸಿದ್ದಿಲ್ಲ. ಒಂದೊಂದೇ ಪದ ಹಾಕಿ ಎಣಿಸುತ್ತ ಬಂದವಳು ಒಂದು ಕಡೆ ನಿಂತು, ‘ಮೇಸ್ತ್ರಿ’ ಎಂದು ಬರೆದಳು. ಕಣ್ಣಿಗೆ ಎರಡೇ ಅಕ್ಷರ. ಯಂತ್ರ ಎಂಟು ಎಂದಿತು. ತಪ್ಪಿರಬೇಕೆಂದು ಇನ್ನೊಮ್ಮೆ ಹಾಕಿದಳು. ಎಂಟು. ಮೇಡಂ ಬಂದು, “ಹೌದು, ಅದಕ್ಕೆ ಮ ಬೇರೆ, ಏತ್ವ ಬೇರೆ. ಸ, ಅದರ ಕೆಳಗೆ ಒತ್ತು ಬರೋದಕ್ಕೆ ಒಂದು, ತ, ಅದಕ್ಕೊಂದು, ರ, ಗುಡಿಸು. ನಾವು ಎರಡು ಅಂದ್ಕೊಂಡ್ರೂ ಒಳಗೆ ಎಂಟಿದೆ,” ಎಂದು ಬೆರಳು ಮಡಿಸಿ ತೋರಿಸಿದರು. ಅವಳು ಪರದೆಯನ್ನೇ ನೋಡುತ್ತ ಕುಳಿತಳು. ಇದು ಅವಳಿಗೆ ಹೊಸ ಸುದ್ದಿಯಾಗಿರಲಿಲ್ಲ. ಎಂಟೆಂದು ಅವಳ ದವಡೆಗೆ, ಹೊಟ್ಟೆಗೆ, ಮುಷ್ಟಿ ಕಟ್ಟುವ ಬೆರಳುಗಳಿಗೆ ಮೊದಲಿಂದಲೂ ಗೊತ್ತಿತ್ತು. ಎರಡೇ ಎರಡು ಎಂದು ಜಗತ್ತೆಲ್ಲ ಅವಸರ ಮಾಡುತ್ತಿದ್ದಾಗ ನಾನು ಎಂಟು ಮೆಟ್ಟಿಲನ್ನೂ ಒಂದೊಂದಾಗಿ ಹತ್ತುತ್ತಿದ್ದೆ, ದಡ್ಡತನದಿಂದಲ್ಲ. ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ತುಂಬ ಹಿಂದೆಯೇ ಬರಬೇಕಾಗಿದ್ದ, ದಾರಿಯಲ್ಲಿ ಎಲ್ಲೋ ತಡೆದಿದ್ದ ಸಿಟ್ಟು.

“ಏನಿದು, ನನ್ನ ಮೇಲೇ ಪಾಠ ನಡೀತಿದೆ?” ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಯಂತ್ರ ಯಾವಾಗ ಶುರುಮಾಡಬಹುದೆಂದು ಕೇಳಲು ಬಂದವನು ಅವಳ ಪರದೆ ನೋಡಿಬಿಟ್ಟಿದ್ದ. ಆಸ್ಪತ್ರೆಯಲ್ಲಿ ಕಟ್ಟಡದ ಮೇಸ್ತ್ರಿ, ಅಡುಗೆ ಮನೆಯ ಮೇಸ್ತ್ರಿ ಎಂದು ಇನ್ನೂ ಇಬ್ಬರಿದ್ದರು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನೇ ಇರುತ್ತಾನೆ. ಪಾಠ ಮುಗಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ಕಾದಿದ್ದು, ಗೋಡೆಗೆ ಬೆನ್ನು ಕೊಟ್ಟು, ಮೆತ್ತಗೆ ಮಾತಾಡಿದ. “ಸೋಮವಾರ ನೀನು ಸುಮ್ನೆ ಕೂತಿರು. ನಿನ್ನ ಪರವಾಗಿ ನಾನು ಹೇಳ್ತೀನಿ. ಆ ಹೊಸ ಯಂತ್ರ ನಿನ್ನ ಕೈಗೇ ಕೊಡಿಸ್ತೀನಿ. ಕುರ್ಚಿ, ಫ್ಯಾನು, ಒದ್ದೆ ಬಟ್ಟೆ ಮುಟ್ಟೋ ಕೆಲಸಾನೇ ಇಲ್ಲ. ಮತ್ತೆ ಇನ್ನೊಂದು ಮಾತು. ಆ ಬಟ್ಟೆಗೆ ಗುರುತಿರ್ಲಿಲ್ಲ ಅಂತ ಬಂದ್ರೆ, ಗುರುತು ಹಾಕದೆ ಯಾಕೆ ಬಿಟ್ಟೆ ಅಂತ ಯಾರನ್ನ ಕೇಳ್ತಾರೆ? ನನ್ನನ್ನಲ್ಲ.” ಅವಳು “ಗೊ…” ಎಂದಳು. “ಗೊತ್ತು ಅಂತೀಯ. ಗೊತ್ತಿದ್ರೆ ಸರಿ,” ಎಂದು ಅವಳ ಭುಜ ತಟ್ಟಿ ಇಳಿದುಹೋದ. ಅವನು ಎರಡು ಮಹಡಿ ಇಳಿಯುವವರೆಗೂ ಅವಳು ಅಲ್ಲೇ ನಿಂತು, ಯಾರೂ ಇಲ್ಲದ ಮೆಟ್ಟಿಲಿಗೆ, “ಗೊ… ಗೊ… ಗೊತ್ತಿದ್ದೇ ಹೇಳ್ತೀನಿ,” ಎಂದು ಮುಗಿಸಿದಳು. ಪಾಠದ ಕೊನೆಯ ದಿನ, ಶುಕ್ರವಾರ, ಯಂತ್ರದಿಂದ ಮೊದಲ ಚೀಟಿಗಳು ಬಂದವು. ಉಳಿದೆಲ್ಲರದ್ದೂ ವಕ್ರವಾಗಿ ಬಂತು, ಅವಳದ್ದು ನೆಟ್ಟಗೆ. ಮೇಡಂ ಚಪ್ಪಾಳೆ ಹೊಡೆಸಿದರು. ಉಗ್ರಾಣದವನೇ ಎಲ್ಲರಿಗಿಂತ ಜೋರಾಗಿ ಹೊಡೆದ.

ಸೋಮವಾರ ಅಕ್ಕ ಅಂಗಡಿ ಮುಚ್ಚಿ ಬಂದಳು, ಆದರೆ ದಾರಿಯುದ್ದಕ್ಕೂ ತುಟಿ ಬಿಗಿದುಕೊಂಡು ನಡೆದು ಹೊರಗಿನ ಬೆಂಚಿನಲ್ಲಿ ಕುಳಿತಳು. ಒಳಗೆ ಅದೇ ಮೇಜು, ಅದೇ ಗಾಜು. ಅಧಿಕಾರಿ ಬೇರೆ, ಕಣ್ಣಿನ ಕೆಳಗೆ ಚೀಲವಿದ್ದ ಸುಸ್ತಾದ ಮನುಷ್ಯ. ಹೇಳಿಕೆ ಬರೆದುಕೊಳ್ಳಲು ಟೈಪು ಮಾಡುವ ಹೆಂಗಸು. ಗೋಡೆಯ ಬಳಿ ತಾತ, ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮೇಸ್ತ್ರಿ ಅವಳ ಎಡಕ್ಕೆ ಕುರ್ಚಿ ಎಳೆದುಕೊಂಡು ಕುಳಿತ. “ಏನು ನೋಡಿದ್ರಿ, ಹೇಳಿ,” ಎಂದರು ಅಧಿಕಾರಿ. “ಮೇ…” ಎಂದಳು. ಬಾಯೊಳಗೆ ಬಾಗಿಲು ಮುಚ್ಚಿಕೊಂಡಿತು. ತಳ್ಳಿದಳು. “ಮೇ… ಮೇ…” ಅಧಿಕಾರಿ ಗಡಿಯಾರ ನೋಡಿ, ಕರುಣೆಯಿಂದಲೇ, ಒಂದು ಹಾಳೆ ಮುಂದೆ ಸರಿಸಿದರು. “ಪರವಾಗಿಲ್ಲಮ್ಮ, ಬರೆದು ಕೊಡಿ.” ಬರೆದು ಕೊಡಬಹುದಾಗಿತ್ತು. ಅವಳ ಅಕ್ಷರ ಮುತ್ತಿನಂಥದು. ಆದರೆ ಮೂರು ತಿಂಗಳ ಹಿಂದೆ ಸುಳ್ಳು ಹೊರಟಿದ್ದು ಈ ಕೋಣೆಯಲ್ಲಿ, ಅವಳ ತಲೆಯಾಟದಿಂದ, ಎಲ್ಲರ ಎದುರಿಗೆ. ಹಾಳೆಯ ಮೇಲೆ ಸದ್ದಿಲ್ಲದೆ ಅದನ್ನು ತಿದ್ದಿ ಜಾರಿಕೊಳ್ಳುವುದು ಮತ್ತೊಂದು ತಂಪು ಅನ್ನಿಸಿತು. ಹಾಳೆಯನ್ನು ಹಿಂದಕ್ಕೆ ಸರಿಸಿದಳು. ಮೇಸ್ತ್ರಿ ನಗುತ್ತ, “ಮೇಲಿದ್ದಳು ಸಾರ್, ಹೋದ ಸಲವೇ—” ಎಂದ. ಅವಳು ಅವನ ಕಡೆ ತಿರುಗಿದಳು. “ನಿ… ನಿಲ್ಸಿ,” ಎಂದಳು. “ನಾ… ನಾನಿನ್ನೂ ಮುಗಿಸಿಲ್ಲ.”

ಆಮೇಲೆ ಹೇಳಿದಳು. ಮೇಸ್ತ್ರಿ. ಎಂಟನ್ನೂ ಹತ್ತಿ. ಮೇಸ್ತ್ರಿ ಗುರುತು ಬೇಡ ಎಂದದ್ದು, ನಾಲ್ಕು ಗಂಟು, ಹಿಂದಿನ ಗೇಟು, ವಸತಿಗೃಹದ ವ್ಯಾನು, ಊಟದ ಬಿಡುವು. ಒಂದೊಂದು ಪದಕ್ಕೂ ದವಡೆ ಜಗ್ಗಿತು, ಕಣ್ಣು ಮುಚ್ಚಿಕೊಂಡಿತು, ಒಂದು ಸಲ ಉಗುಳು ಗಾಜಿನ ಮೇಲೆ ಸಿಡಿಯಿತು. ಅಂಗೈಯಿಂದ ಒರೆಸಿ ಮುಂದುವರಿಸಿದಳು. ಸುಂದರವಾಗಿರಲಿಲ್ಲ ಅದು. ಬೀದಿಯಲ್ಲಿ ಭಾರದ ಗಾಡಿ ನೂಕುವವನನ್ನು ಜನ ನೋಡದೆ ಮುಖ ತಿರುಗಿಸುವ ಹಾಗೆ ಅಧಿಕಾರಿ ಕಿಟಕಿ ನೋಡಿದರು. ಅವಳು ಅವರು ತಿರುಗುವವರೆಗೆ ನಿಂತು, ತಿರುಗಿದ ಮೇಲೆ ಹೇಳಿದಳು: “ಹೋ… ಹೋದ ಸಲ ನಾನು ತಲೆ ಆಡಿಸಿದ್ದು ಸು… ಸುಳ್ಳು. ನನ್ನ ಗಂಟಲಿನ ತಪ್ಪಲ್ಲ. ನ… ನನ್ನದು.” ತಾತ ಕಣ್ಣು ಮುಚ್ಚಿಕೊಂಡು ಕೂತಿದ್ದ. ಮೇಸ್ತ್ರಿ ತನ್ನ ಕುರ್ಚಿಯನ್ನು ಅವಳಿಂದ ಒಂದು ಗೇಣು ದೂರಕ್ಕೆ ಎಳೆದುಕೊಂಡ.

ಟೈಪು ಮಾಡುವ ಹೆಂಗಸು ಹಾಳೆ ತೆಗೆದು ಸಹಿಗೆ ಕೊಟ್ಟಳು. ಅವಳು ಓದಿದಳು. ನುಣ್ಣಗಿನ ಮೂರು ಸಾಲು. ಮೇಲ್ವಿಚಾರಕರು ಕೆಲವು ಬಟ್ಟೆಗಳನ್ನು ಬೇರೆಡೆಗೆ ಸಾಗಿಸಿರಬಹುದೆಂದು ಸಾಕ್ಷಿದಾರಳು ಅಭಿಪ್ರಾಯಪಟ್ಟಿರುತ್ತಾಳೆ. ಅವಳು ಪೆನ್ನನ್ನು ಮುಚ್ಚಿಟ್ಟಳು. “ನಾ… ನಾನು ಹೀಗೆ ಹೇಳಿಲ್ಲ.” “ಸಾರಾಂಶ ಅದೇ ಅಲ್ವಾಮ್ಮ,” ಎಂದರು ಅಧಿಕಾರಿ. “ಅ… ಅಲ್ಲ. ಬಹುದು ಅಂ… ಅಂದಿಲ್ಲ. ನೋಡಿದೆ ಅಂದೆ.” ಅಧಿಕಾರಿ ಹಣೆ ತಿಕ್ಕಿಕೊಂಡರು. “ಹಾಗಾದ್ರೆ ಏನು, ಎಲ್ಲಾನೂ ಮತ್ತೆ ಹೇಳ್ತೀರಾ?” ಅವಳಿಗೆ ಬೆನ್ನು ಬೆವರಿತ್ತು, ನಾಲಿಗೆ ಒಣಗಿತ್ತು. ಇಷ್ಟು ಹೊತ್ತು ನಿಂತೇ ಇದ್ದವಳು ಕುರ್ಚಿ ಎಳೆದುಕೊಂಡು, ಸರಿಯಾಗಿ ಕುಳಿತು, “ಹೂಂ,” ಎಂದಳು. “ಮೊ… ಮೊದಲಿಂದ.” ಟೈಪು ಮಾಡುವವಳು ಹೊಸ ಹಾಳೆ ಹಾಕಿದಳು. ಈ ಸಲ ಆಕೆ ಪ್ರತಿ ಪದ ಮುಗಿಯುವವರೆಗೆ ಬೆರಳನ್ನು ಕೀಲಿಗಳಿಂದ ಮೇಲಕ್ಕೆ ಹಿಡಿದುಕೊಂಡಿದ್ದಳು.

ಇದರಿಂದ ಏನಾಯಿತು ಎಂದು ಕೇಳಿದರೆ, ಆದದ್ದು ಇಷ್ಟು. ಎರಡು ತಿಂಗಳ ಮೇಲೆ ತಾತನನ್ನು ಕೆಲಸಕ್ಕೆ ಕರೆದರು. ಬಂದು ಒಂದು ವಾರ ಇದ್ದು, ಉರುಳೆಗಳ ಬಿಸಿ ಈಗ ತಡೆಯುವುದಿಲ್ಲವೆಂದು ತಾನೇ ಬಿಟ್ಟ, ತಲೆಯೆತ್ತಿಕೊಂಡು ಮುಂದಿನ ಗೇಟಿನಿಂದ ಹೋದ. ಮೇಸ್ತ್ರಿಯನ್ನು ಬೇರೆ ಆಸ್ಪತ್ರೆಗೆ ಹಾಕಿದರು. ಗುರುತು ಹಾಕದೆ ಬಿಟ್ಟದ್ದಕ್ಕೆ ಅವಳಿಗೊಂದು ಎಚ್ಚರಿಕೆಯ ಪತ್ರ ಬಂತು, ಚೀಟಿಯ ಯಂತ್ರ ಉಗ್ರಾಣದವನ ಪಾಲಾಯಿತು. ಅದು ಕೆಟ್ಟಾಗಲೆಲ್ಲ ಅವನು ಓಡಿಬಂದು ಅವಳ ಮುಂದೆ ನಿಂತು, ಏನು ಮಾಡಬೇಕೆಂದು ಅವಳು ಹೇಳಿ ಮುಗಿಸುವವರೆಗೆ ಕಾಯುತ್ತಿದ್ದ.

ಆದರೆ ಆ ಸೋಮವಾರ ಇದು ಯಾವುದೂ ಅವಳಿಗೆ ತಿಳಿದಿರಲಿಲ್ಲ. ಸಹಿ ಹಾಕಿ ಹೊರಗೆ ಬಂದು, ಅಕ್ಕ ನೀರು ತರಲು ಹೋದಾಗ ಕಂಬಕ್ಕೆ ಒರಗಿ ನಿಂತಿದ್ದಳು. ಗಂಟಲು ಉರಿಯುತ್ತಿತ್ತು. ಕೈಯಲ್ಲಿ ಕಡತ ಹಿಡಿದ ಒಬ್ಬ ಮನುಷ್ಯ ಅವಸರದಿಂದ ಬಂದು, ರಕ್ತ ಪರೀಕ್ಷೆ ಎಲ್ಲಿ ಎಂದು ಕೇಳಿದ. “ಕ… ಕ…” ಎಂದಳು. ಅವನು, “ಕಟ್ಟಡದ ಹಿಂದೇನಾ? ಸರಿ ಸರಿ,” ಎಂದು ಹೊರಟೇಬಿಟ್ಟ. ಅವಳು ಅವನ ಬೆನ್ನಿಗೆ, ಅವನು ಮೂಲೆ ತಿರುಗಿದ ಮೇಲೆ ಖಾಲಿ ದಾರಿಗೆ, ಕಣ್ಣಿನ ವಿಭಾಗದ ಪಕ್ಕದಲ್ಲಿ ಎರಡನೇ ಬಾಗಿಲು ಎಂದು ಪೂರ್ತಿ ಹೇಳಿ ಮುಗಿಸಿದಳು. ಸ್ವಲ್ಪ ಹೊತ್ತಿಗೆ ಅವನು ಬೆವರಿಕೊಂಡು ವಾಪಸು ಬಂದ. “ಅಲ್ಲಿ ಬರೀ ಸ್ಕೂಟರ್ ನಿಲ್ಲಿಸಿದಾರೆ. ಎಲ್ಲಿ ಅಂದ್ರಿ?” ಅಕ್ಕ ನೀರಿನ ಲೋಟ ಹಿಡಿದು ಬಂದು ಪಕ್ಕದಲ್ಲಿ ನಿಂತಿದ್ದಳು. ಅಕ್ಕನಿಗೆ ಆ ಬಾಗಿಲು ಗೊತ್ತಿತ್ತು. ತಂಗಿ ಲೋಟ ಇಸಿದುಕೊಂಡು, ನಿಧಾನವಾಗಿ ಒಂದು ಗುಟುಕು ಕುಡಿದು, ಅವನ ಮುಖವನ್ನೇ ನೋಡುತ್ತ ಮತ್ತೆ ‘ಕ’ದಿಂದ ಶುರುಮಾಡಿದಳು. ಇಬ್ಬರೂ ಕಾದರು.